ತಿದ್ದಿದ್ದಕ್ಕೆ ಕಾರಣ

2005ರ ಶ್ರಾವಣದ ಒಂದು ಶನಿವಾರ. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಎಂದಿನಂತೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ತುಂಬಿ ಕಳಿಸಿದೆ. ತುಳಸಿಗೆ ನೀರು ಹಾಕುವಾಗ ಪಕ್ಕದ ಮನೆಯ ಶಾಂತಕ್ಕನ ಮಗಳು ರೂಪಾ ಕಾಂಪೌಂಡಿನಾಚೆಯಿಂದ ಕೂಗಿದಳು.

"ಕಾಕೂ, ಸಾಲ್ಯಾಗ ಖಾನಾಪುರದ ಬಗ್ಗೆ ಮಾತಾಡೂದೈತ್ರಿ. ಸಂಜೀಕ ನಿಮ್ಮ ಕಂಪ್ಯೂಟರ್‌ನ್ಯಾಗ ನೋಡಾಕ ಬರ್ತೀನ್ರಿ. ಈಗಿಂದನ ಚಾಲೂ ಮಾಡಿಡ್ರಿ, ಅದು ಎಬ್ಬಿಸಿದ್ರೂ ಲಗೂ ಏಳೂದಿಲ್ಲ!"

ನಗುತ್ತಲೇ ಒಳಗೆ ಬಂದು, ಓದುಗರೇ ಸೇರಿ ಬರೆಯುವ ಅಂತರ್ಜಾಲದ ವಿಶ್ವಕೋಶದಲ್ಲಿ ಖಾನಾಪುರದ ಪುಟ ತೆರೆದೆ. ಅದು ನನ್ನ ತವರು. ಕೊನೆಯ ಸಾಲು ಹೀಗಿತ್ತು: "ಚಾಲಕನ ಅಜಾಗರೂಕತೆಯಿಂದ ಟೆಂಪೋ ಹಳ್ಳಕ್ಕೆ ಬಿತ್ತು, ಚಾಲಕ ಕೊಚ್ಚಿಹೋದ."

ಆ ಚಾಲಕ, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡ ರೂಪಾಳ ಅಪ್ಪ.

ಸಾಲನ್ನು ಅಳಿಸಿದೆ. ಕೆಳಗೆ 'ತಿದ್ದಿದ್ದಕ್ಕೆ ಕಾರಣ' ಎಂದು ಸಣ್ಣ ಚೌಕವಿತ್ತು, ಖಾಲಿ ಬಿಟ್ಟೆ. ಅನ್ನಕ್ಕಿಟ್ಟು ಬರುವಷ್ಟರಲ್ಲಿ ಸಾಲು ಮತ್ತೆ ಅಲ್ಲೇ ಇತ್ತು. ಯಾರೋ ಅಪರಿಚಿತರು "ಕಾರಣ ಹೇಳದೆ ಅಳಿಸಿದ್ದೀರಿ" ಎಂದು ಬರೆದಿದ್ದರು. ಸಿಟ್ಟಿನಿಂದ ಮತ್ತೆ ಅಳಿಸಿ, "ಇದು ಸುಳ್ಳು" ಎಂದೆ. ಸಾಲು ಮತ್ತೆ ಬಂತು, ಜೊತೆಗೆ ಪ್ರಶ್ನೆ: "ಸುಳ್ಳೆಂದು ನಿಮಗೆ ಹೇಗೆ ಗೊತ್ತು, ತಿಳಿಸಿ."

ನನಗೆ ಗೊತ್ತಿತ್ತು. ಆ ಟೆಂಪೋದಲ್ಲಿ ನನ್ನ ಅವ್ವನೂ ಇದ್ದಳು. ಇದನ್ನು ಶಾಂತಕ್ಕನಿಗೆ ಯಾವತ್ತೂ ಹೇಳಿರಲಿಲ್ಲ. ಆಕೆಯ ಬರಿದಾದ ಹಣೆ ನೋಡುತ್ತ, ನಮ್ಮವ್ವ ಬದುಕಿ ಬಂದಳು ಎನ್ನಲು ಬಾಯಿ ಬರುತ್ತಿರಲಿಲ್ಲ.

ಆಗ ನೆಟ್ ಹಾಕಿದರೆ ಫೋನ್ ಹತ್ತುತ್ತಿರಲಿಲ್ಲ. ನೆಟ್ ತೆಗೆದು ಖಾನಾಪುರಕ್ಕೆ ಫೋನ್ ಮಾಡಿದೆ.

"ಸೇತುವಿ ಬರೂ ಮುಂದ ಅಂವ ಗಾಡಿ ನಿಂದ್ರಿಸಿ, ಇಳದು ನೀರ ನೋಡಿ ಬಂದಾ" ಎಂದಳು ಅವ್ವ. "ನೀರ ಕೆಳಗ ಇತ್ತವಾ. ನಟ್ಟ ನಡುವ ಹೋದಾಗ ಸೇತುವಿ ಕುಸೀತು. ನನ್ನ ರಟ್ಟಿ ಹಿಡದು ಹೊರಗ ದಬ್ಬಿದಾಂವ ಅಂವನ. ನಾ ಹೇಳೇನಿ ಅಂತನ ಬರಿ. ಖರೇ ಹೇಳಾಕ ಯಾರ ಅಪ್ಪಣಿ ಬೇಕು?"

ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡ ಬೆರಳಚ್ಚು ನಿಧಾನ. ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಸೇತುವೆ ಕುಸಿದು ಟೆಂಪೋ ಹಳ್ಳಕ್ಕೆ ಬಿತ್ತು. ಪ್ರಯಾಣಿಕರನ್ನು ಹೊರಗೆ ದಬ್ಬಿದ ಚಾಲಕ ಕೊಚ್ಚಿಹೋದರು." ಚೌಕದಲ್ಲಿ: "ಟೆಂಪೋದಲ್ಲಿ ನನ್ನ ತಾಯಿ ಇದ್ದರು. ಚಾಲಕ ಇಳಿದು ನೀರು ನೋಡಿಯೇ ಮುಂದೆ ಹೋದದ್ದನ್ನು ಅವರು ಕಂಡಿದ್ದಾರೆ." ಗುಂಡಿ ಒತ್ತಿದೆ. ಪಕ್ಕದ ಮನೆಗೆ ಹೇಳದ್ದನ್ನು ಜಗತ್ತಿಗೆಲ್ಲ ಹೇಳುತ್ತಿದ್ದೆ.

ಮಧ್ಯಾಹ್ನವೆಲ್ಲ ಪುಟ ತೆರೆದು ತೆರೆದು ನೋಡಿದೆ. ಕೊನೆಗೆ ಉತ್ತರ ಬಂತು: "ಈಗ ತಿಳಿಯಿತು. ನಿಮ್ಮ ಸಾಲೇ ಇರಲಿ. ಕ್ಷಮಿಸಿ."

ಆ ಅಪರಿಚಿತರಿಗೆ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವರು ಕಾರಣ ಕೇಳದಿದ್ದರೆ ಆ ಸಾಲು ಸುಮ್ಮನೆ ಅಳಿದುಹೋಗುತ್ತಿತ್ತು. ಅಪ್ಪ ಮಾಡಿದ್ದು ರೂಪಾಳಿಗೆ ಕಾಣುತ್ತಲೇ ಇರಲಿಲ್ಲ.

ಸಂಜೆ ರೂಪಾ ಪುಟವನ್ನು ಗಟ್ಟಿಯಾಗಿ ಓದಿದಳು. ಶಾಂತಕ್ಕ ಹೊಸ್ತಿಲ ಬಳಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಆ ಸಾಲು ಬಂದಾಗ ರೂಪಾಳ ದನಿ ಸಣ್ಣದಾಯಿತು. ಮತ್ತೊಮ್ಮೆ ಓದಿದಳು. ಶಾಂತಕ್ಕನ ಕೈ ಕ್ಷಣ ನಿಂತು, ಮತ್ತೆ ಸೊಪ್ಪಿಗೆ ಹೋಯಿತು.

"ಇದನ್ನ ಬರದಾವ್ರು ಅವತ್ತ ಅಲ್ಲೇ ಇದ್ದಿರಬೇಕ ನೋಡ್ರಿ" ಎಂದರು, ತಲೆ ಎತ್ತದೆ.