ಮೂರನೇ ತರಗತಿಯ ಬಾಗಿಲು

ಬೆಳಿಗ್ಗೆ ಏಳಕ್ಕೆ ಎಸ್ನಾಟ್ ಚಿಗಾರು ಮೇಡಂ ಸರೋವರದ ದಂಡೆಯ ಮೇಲೆ ನಡೆದು ಬರುತ್ತಿದ್ದರೆ, ಚಾಪೆಯ ಮೇಲೆ ಉಸಿಪಾ ಮೀನು ಹರಡುತ್ತಿದ್ದ ಹೆಂಗಸು ತಲೆ ಎತ್ತಿ, "ಮೇಡಂ, ಐ ಆ್ಯಮ್ ಡ್ರೈಯಿಂಗ್ ಫಿಶ್" ಎಂದಳು. ಮುಂದೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನು ತಾನು ಗಾಳಿ ಹೊಡೆಯುತ್ತಿರುವುದನ್ನು ಅದೇ ಇಂಗ್ಲಿಷಿನಲ್ಲಿ ವರದಿ ಮಾಡಿದ. ಮಾವಿನ ನೆರಳಿನಲ್ಲಿ ಕೂತಿದ್ದ ಒಬ್ಬ ಮಾತ್ರ ಗಡಬಡಿಸಿ ಎದ್ದು ನಿಂತ. ಹೇಳಲು ಅವನ ಕೈಯಲ್ಲಿ ಕೆಲಸವಿರಲಿಲ್ಲ.

"ಕೂತಿದೀನಿ ಅಂತ ಹೇಳು. ಅದೂ ಕೆಲಸಾನೇ" ಎಂದರು ಎಸ್ನಾಟ್.

"ಈಗ ನಿಂತ್ಕೊಂಡುಬಿಟ್ಟೆನಲ್ಲ ಮೇಡಂ."

ಮಲಾವಿಯ ಚಿಕುಂಬಿ ಎಂಬ ಈ ಮೀನುಗಾರರ ಊರಿನಲ್ಲಿ ನಲವತ್ತರ ಆಸುಪಾಸಿನವರೆಲ್ಲ ಅವರನ್ನು ಕಂಡರೆ ಹೀಗೇ. ಎಸ್ನಾಟ್ ಮೂವತ್ತೊಂದು ವರ್ಷ ಮೂರನೇ ತರಗತಿಗೆ ಇಂಗ್ಲಿಷ್ ಕಲಿಸಿದವರು. ನಿವೃತ್ತರಾಗಿ ಆರು ವರ್ಷವಾಯಿತು. ವರ್ತಮಾನ ಕಾಲವನ್ನು ಅವರು ಹಲಗೆಯ ಮೇಲೆ ಬರೆಸಿದವರಲ್ಲ. ದಿನಾ ಮಾಡುವ ಕೆಲಸವನ್ನು ಬೆಂಚಿನಲ್ಲಿ ಕೂತು ಹೇಳಬೇಕು. ಈಗ ಮಾಡುತ್ತಿರುವುದನ್ನು ಬಾಗಿಲ ಹತ್ತಿರ ಹೋಗಿ, ಮಾಡುತ್ತಲೇ ಹೇಳಬೇಕು. ನಾನು ಬಾಗಿಲಿಗೆ ಹೋಗುತ್ತಿದ್ದೇನೆ. ನಾನು ಬಾಗಿಲು ಮುಟ್ಟುತ್ತಿದ್ದೇನೆ. ಕಣ್ಣಿಗೆ ಕಾಣದ್ದನ್ನು 'ಈಗ' ಎಂದು ಹೇಳುವಂತಿರಲಿಲ್ಲ. ಅಪ್ಪ ಮೀನು ಹಿಡಿಯುತ್ತಿದ್ದಾನೆ ಎಂದರೆ, "ನೋಡಿದ್ಯಾ?" ಎಂಬ ಪ್ರಶ್ನೆ ಬರುತ್ತಿತ್ತು.

ತರಗತಿಗೆ ಎಪ್ಪತ್ತು, ಎಂಬತ್ತು ಮಕ್ಕಳು. ಎಲ್ಲರೂ ಸಾಲಾಗಿ ಬಂದು ಒಂದೇ ಎತ್ತರದಲ್ಲಿ ಅಂಗೈ ಒತ್ತಿ ಒತ್ತಿ, ಮಬಾವಾ ಮರದ ಆ ಬಾಗಿಲಿನ ಹಸಿರು ಬಣ್ಣ ಹೋಗಿ, ತಟ್ಟೆಯಷ್ಟು ಜಾಗ ಕಪ್ಪಗೆ ನುಣುಪಾಗಿ ತಗ್ಗು ಬಿದ್ದಿತ್ತು.

ಬಾಗಿಲು ತೆರೆದರೆ ನೇರ ಸರೋವರ. ಒಂದು ವರ್ಷ ಮ್ವೇರಾ ಎಂಬ ಬಿರುಗಾಳಿ ಎದ್ದು ಮೂರು ದಿನ ಮೂರು ದೋಣಿ ಮರಳಿರಲಿಲ್ಲ. ರಶೀದಿ ಎಂಬ ಹುಡುಗನ ಅಪ್ಪನ ದೋಣಿ ಅದರಲ್ಲೊಂದು. ಹುಡುಗ ಮನೆಯಲ್ಲಿ ಕೂರಲಾರದೆ ಶಾಲೆಗೆ ಬಂದಿದ್ದ. ಅವನ ಸರದಿ ಬಂತು. ಬಾಗಿಲಿಗೆ ಕೈಯಿಟ್ಟು, ಹೇಳಬೇಕಾದ್ದು ಬಿಟ್ಟು ಹೊರಗೆ ನೋಡುತ್ತ, "ಮೈ ಫಾದರ್ ಈಸ್ ಕಮಿಂಗ್" ಎಂದ. ಎಸ್ನಾಟ್ ಅಭ್ಯಾಸಬಲದಿಂದ, "ನೋಡಿದ್ಯಾ?" ಎಂದರು. ಅಷ್ಟರಲ್ಲಿ ದೂರದಲ್ಲಿ ದೋಣಿ ಕಂಡು ಇಡೀ ತರಗತಿ ದಂಡೆಯ ಕಡೆಗೆ ಓಡಿತ್ತು. ಅವರೂ ಚಪ್ಪಲಿ ಬಿಟ್ಟು ಓಡಿದರು.

ಕಳೆದ ತಿಂಗಳು ಬಿರುಕು ಬಿಟ್ಟ ಹಳೆಯ ಕಟ್ಟಡವನ್ನು ಕೆಡವಿದರು. ಪಕ್ಕದ ಹೊಸ ಕಟ್ಟಡಕ್ಕೆ ಕಬ್ಬಿಣದ ಬಾಗಿಲುಗಳು. ಈಗ ಮೂರನೇ ತರಗತಿಗೆ ಕಲಿಸುವ ಟಾಮಾಂಡಾ ಎಂಬಾಕೆ ಚರ್ಚಿನ ಅಂಗಳದಲ್ಲಿ ಎಸ್ನಾಟ್‌ಗೆ ಅಂಗೈ ತೋರಿಸಿದ್ದಳು. "ಒಂಬತ್ತು ಗಂಟೆಗೇ ಬಿಸಿಲಿಗೆ ಕಾದ ಬಾಣಲೆ ಆಗುತ್ತೆ ಮೇಡಂ. ಮಕ್ಕಳು ಮುಟ್ಟಲ್ಲ. ಹಲಗೆ ಮೇಲೆ ಬರೆದು ಕಾಪಿ ಮಾಡಿ ಅಂತೀನಿ, ಇನ್ನೇನು ಮಾಡ್ಲಿ."

ಹಳೆಯ ಕಟ್ಟಡದಿಂದ ಏನು ಬೇಕೆಂದು ಶಾಲಾ ಕಮಿಟಿ ಕೇಳಿದಾಗ ಎಸ್ನಾಟ್ ಒಂದನ್ನೇ ಕೇಳಿದ್ದರು: ಆ ಬಾಗಿಲು. ಅದನ್ನು ಮಲಗುವ ಕೋಣೆಗೆ ಹಾಕಿಸಿಕೊಂಡು, ಏಳುವಾಗ ಮಲಗುವಾಗ ಆ ತಗ್ಗಿನ ಮೇಲೆ ಕೈಯಿಡಬೇಕೆಂಬುದು ಅವರ ಆಸೆ. ಈಗ ಅದನ್ನು ತರಲೆಂದೇ ಹೊರಟಿದ್ದರು. ಬಾಗಿಲು ಇದ್ದದ್ದು ಈಗ ಬಡಗಿಯಾಗಿರುವ ಅದೇ ರಶೀದಿಯ ಚಪ್ಪರದಲ್ಲಿ.

"ಮೇಡಂ, ಐ ಆ್ಯಮ್ ಫಿನಿಶಿಂಗ್ ದ ಡೋರ್" ಎಂದ ರಶೀದಿ, ಕೀಸುಳಿ ಕೆಳಗಿಟ್ಟು.

ಬಾಗಿಲು ಕೆಂಪಗೆ, ಆಗತಾನೇ ಕಡಿದ ಮರದಂತೆ ಮಲಗಿತ್ತು. ಕೀಸಿದ ಸುರುಳಿಗಳು ಪಾದ ಮುಚ್ಚುವಷ್ಟು ಬಿದ್ದಿದ್ದವು.

"ಎಲ್ಲಾ ಕೀಸಿಬಿಟ್ಯಾ?"

"ಎರಡೂ ಕಡೆ. ಮಧ್ಯದಲ್ಲಿ ಒಂದು ಗುಳಿ ಇತ್ತಲ್ಲ, ಕೊಳೆ ಹಿಡಿದು ಕಪ್ಪಾಗಿತ್ತು. ಅದನ್ನ ಸಮ ಮಾಡೋಕೇ ಅರ್ಧ ದಿನ ಹಿಡೀತು. ನಿಮ್ಮನೆಗೆ ಹಾಗೇ ಕಳ್ಸೋಕಾಗುತ್ತಾ? ನನಗೆ ನಾಚಿಕೆ ಆಗಲ್ವಾ?"

ಎಸ್ನಾಟ್ ಅಲ್ಲಿದ್ದ ಮಣೆಯ ಮೇಲೆ ಕೂತು, ಆ ಜಾಗ ಇದ್ದಲ್ಲಿ ಅಂಗೈ ಆಡಿಸಿದರು.

"ಆ ಕೊಳೆ ಯಾರದು ಗೊತ್ತೇನೋ?"

ರಶೀದಿಗೆ ಈಗ ಅರ್ಥವಾಯಿತು. ತನ್ನ ಕೈ ನೋಡಿಕೊಂಡ. "ನಂದೂ ಇತ್ತು."

"ಇತ್ತು."

"ಬೈದುಬಿಡಿ ಮೇಡಂ. ನೀವು ಸುಮ್ಮನಿದ್ರೆ ಭಯ ಆಗುತ್ತೆ."

"ಬೈಯೋಣ ಅಂದ್ರೆ, ಚೆನ್ನಾಗಿ ಬೇರೆ ಕೀಸಿದೀಯಲ್ಲ."

ರಶೀದಿಯ ಹೆಂಡತಿ ಲೋಟದಲ್ಲಿ ಜೋಳದ ಥೋಬ್ವಾ ತಂದುಕೊಟ್ಟಳು. ಎಸ್ನಾಟ್ ನಿಧಾನವಾಗಿ ಕುಡಿದು ಮುಗಿಸಿದರು.

"ಹೊಸ ಮೂರನೇ ತರಗತಿಗೆ ಇದು ಕೂರುತ್ತಾ?"

"ನಾಲ್ಕು ಬೆರಳು ಸಾಲಲ್ಲ. ಪಟ್ಟಿ ಹೊಡೀಬೇಕು. ಯಾಕೆ?"

"ಪಟ್ಟಿ ಹೊಡಿ. ಅಲ್ಲಿಗೇ ಹಾಕು, ಕಬ್ಬಿಣದ್ದು ಕಿತ್ತು."

"ನಿಮ್ಮ ಕೋಣೆಗೆ?"

"ನಾನೊಬ್ಬಳು ಮುಟ್ಟಿ ಎಷ್ಟು ಸವೆಯುತ್ತೆ? ಅಲ್ಲಾದ್ರೆ ವರ್ಷಕ್ಕೆ ಎಂಬತ್ತು ಕೈ."

"ಕಮಿಟಿಯವರು ಒಪ್ಪಬೇಕಲ್ಲ ಮೇಡಂ."

"ಕಮಿಟಿ ಅಧ್ಯಕ್ಷ ಎಷ್ಟು ವರ್ಷ ಮೂರನೇ ಕ್ಲಾಸಲ್ಲಿದ್ದ?"

ರಶೀದಿ ನಕ್ಕ. "ಎರಡು."

"ಮತ್ತೆ? ನಾನು ಮಾತಾಡ್ತೀನಿ." ಅವರು ಎದ್ದು, ಮೂಲೆಯಲ್ಲಿ ತೆರೆದಿಟ್ಟಿದ್ದ ವಾರ್ನಿಷ್ ಡಬ್ಬಿಯ ಮುಚ್ಚಳವನ್ನು ತಾವೇ ಒತ್ತಿ ಮುಚ್ಚಿದರು. "ಇದು ಬೇಡ. ಕೊಳೆ ಹಿಡೀಲಿ."

ಅಧ್ಯಕ್ಷ ಅಂದು ಸಂಜೆಯೇ ಒಪ್ಪಿಕೊಂಡ. ರಶೀದಿ ಸೋಮವಾರ ಶಾಲೆಯ ಗಂಟೆ ಹೊಡೆಯುವ ಮೊದಲು ಮರದ ಬಾಗಿಲು ಕೂರಿಸುತ್ತಾನೆ. ಕಬ್ಬಿಣದ ಬಾಗಿಲು ಎಸ್ನಾಟ್ ಅವರ ಆಡಿನ ಕೊಟ್ಟಿಗೆಗೆ ಹೋಗುತ್ತದೆ.