ಈಶ್ವರಿ ಬಳ್ಳಿಯ ಉಪಯೋಗವೇನು?

ಹತ್ತು ದಿನದ ಹಿಂದೆ ನನ್ನ ಬೇಲಿಗೆ ನಗರಸಭೆಯಿಂದ ಒಂದು ನೋಟೀಸು ಬಂತು. ನನಗಲ್ಲ, ಬೇಲಿಗೆ!

"ದರ್ಬೆಯ ನಿಮ್ಮ ಮನೆಯೆದುರು ಕಾಡುಗಿಡಗಳು ಬೆಳೆದಿದ್ದು, ಬೈಲಾ ಪ್ರಕಾರ ಏಳು ದಿನದೊಳಗೆ ಕಡಿಯತಕ್ಕದ್ದು." ಟೈಪು ಮಾಡಿದ ಕಾಗದ, ಕೆಳಗೆ ಸೀಲು.

ಕಾಡುಗಿಡ ಎಂದರೆ? ಕೇಪಳ, ನೆಕ್ಕರಿಕ, ತಗಟೆ, ತುಂಬೆ. ಬೇಲಿಯುದ್ದಕ್ಕೂ ಈಶ್ವರಿ ಬಳ್ಳಿ. ಪಕ್ಕದ ಮನೆಯ ಕ್ರೋಟನ್ಸಿಗೆ ನೋಟೀಸಿಲ್ಲ. ಅದು ಗಾರ್ಡನ್! (ಅದರ ಮೇಲೆ ಒಂದು ಚಿಟ್ಟೆ ಕೂತದ್ದನ್ನೂ ನಾನು ಕಂಡಿಲ್ಲ.)

ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮಿಂದ ತುಂಬೆ ಕೀಳಿಸಿ ಪ್ಯಾನ್ಸಿ ಹೂಗಿಡ ನೆಡಿಸುತ್ತಿದ್ದರು. ಮೊದಲ ಮಳೆಗೇ ಪ್ಯಾನ್ಸಿ ಹೋಗುತ್ತಿತ್ತು, ತುಂಬೆ ಮರಳಿ ಬರುತ್ತಿತ್ತು. ನಾವು ಮತ್ತೆ ಕೀಳುತ್ತಿದ್ದೆವು. ಎಷ್ಟು ಒಬೀಡಿಯಂಟ್ ಹುಡುಗಿಯರು! ಈಗ ಸಿಕ್ಕಿದರೆ ಆ ತುಂಬೆಗಳಿಗೆಲ್ಲ ಸಾರಿ ಹೇಳಬೇಕು.

ಏಳನೆಯ ದಿನ ಇನ್ಸ್‌ಪೆಕ್ಟರ್ ಬಾಲಣ್ಣ ಬಂದರು. ಜೊತೆಗೆ ಕತ್ತಿ ಹಿಡಿದ ಕೆಲಸದ ಅಕ್ಕಮ್ಮ. ಆಟಿ ತಿಂಗಳು ನೋಡಿ, ಜಡಿಮಳೆಯಲ್ಲಿ ಕಾಡುಸೊಪ್ಪು ತಿನ್ನುವ ಕಾಲ! ಅಕ್ಕಮ್ಮ ತಗಟೆಗೆ ಕತ್ತಿ ತಾಗಿಸಲೇ ಇಲ್ಲ. ಚಿಗುರು ಚಿವುಟಿ ಮಡಿಲು ತುಂಬಿಸತೊಡಗಿದಳು.

"ಎಂತ ಮಾಡುದು ನೀನು?" ಬಾಲಣ್ಣ ಗದರಿದರು.

"ಪಲ್ಯಕ್ಕೆ ಸಾರ್. ಆಟಿಯಲ್ಲಿ ತಗಟೆ ತಿನ್ನದವರು ಉಂಟಾ?"

ಬಾಲಣ್ಣ ನನ್ನ ಕಡೆ ತಿರುಗಿದರು. "ಅಮ್ಮ, ನಮ್ಮ ಮನೆಗೂ ಒಂದು ಕಟ್ಟು ಸಿಕ್ಕೀತಾ?"

ಇದೇ ಸಮಯವೆಂದು ಕೇಳಿದೆ: ಬೈಲಾ ತಿದ್ದಬಾರದೇ? ಊರಿನ ಗಿಡಗಳನ್ನು ಕಡಿಯಬೇಕಿಲ್ಲ ಎಂದು ಒಂದೇ ಒಂದು ಸಾಲು?

"ಅರ್ಜಿ ಕೊಡಿ. ಸೋಮವಾರ ಮೀಟಿಂಗ್ ಉಂಟು. ಗಿಡದ ಹೆಸರು, ಎದುರಿಗೆ ಉಪಯೋಗ. ಅಷ್ಟರವರೆಗೆ ಕಡಿಯುದಿಲ್ಲ."

ಬರೆದೆ. ತಗಟೆ: ಪಲ್ಯಕ್ಕೆ. ಕೇಪಳ: ಪೂಜೆಗೆ. ತುಂಬೆ: ಶೀತಕ್ಕೆ. ನೆಕ್ಕರಿಕ ಹಣ್ಣು: ಮಕ್ಕಳ ಬಾಯಿಗೆ. ಈಶ್ವರಿ ಬಳ್ಳಿ: ಚಿಟ್ಟೆಗೆ.

ಅಂಗೈಗಿಂತ ದೊಡ್ಡ ಕಪ್ಪು-ಹಳದಿ ಚಿಟ್ಟೆ ಉಂಟಲ್ಲ? ಅದರ ಹುಳುಗಳು ತಿನ್ನುವುದು ಈ ಬಳ್ಳಿಯ ಎಲೆಯನ್ನೇ. ನನ್ನ ಬೇಲಿಯಲ್ಲಿ ಈಗ ಒಂಬತ್ತಿವೆ. ಬಳ್ಳಿ ಹೋದರೆ ಅವೂ ಹೋದವು.

ಅರ್ಜಿ ಕೊಡಲು ಹೋದಾಗ ಬಾಲಣ್ಣ ಓದಿ ತಲೆ ತುರಿಸಿದರು. "ಚಿಟ್ಟೆಗೆ ಅಂದ್ರೆ ಪಾಸಾಗ್ಲಿಕ್ಕಿಲ್ಲ. ಮದ್ದು ಅಂತ ಬರೀರಿ ಮಾರಾಯ್ರೆ! ಸುಳ್ಳಲ್ಲವಲ್ಲ?"

ಸುಳ್ಳಲ್ಲ. ಆದರೆ ಜನ ಮದ್ದಿಗೆ ಹುಡುಕುವುದು ಅದರ ಬೇರನ್ನು. ಮದ್ದೆಂದು ಬರೆದರೆ ಕಚೇರಿಯವರು ಬಿಟ್ಟದ್ದನ್ನು ಊರವರು ಬುಡಸಮೇತ ಕಿತ್ತುಕೊಂಡು ಹೋಗುತ್ತಾರೆ! ನಾನು ತಿದ್ದಲಿಲ್ಲ.

ಸೋಮವಾರ ಮೀಟಿಂಗಿಗೆ ಹೋಗುವ ಮೆಂಬರುಗಳೇ, ನನ್ನದೊಂದೇ ಪ್ರಶ್ನೆ: ಪಕ್ಕದ ಮನೆಯ ಕ್ರೋಟನ್ಸಿನ ಎದುರು ಉಪಯೋಗ ಎಂತ ಬರೆದಿದ್ದೀರಿ?