ಅಠಾರ ಕಚೇರಿಯಲ್ಲಿ ತಾತ ಬದುಕಿದ್ದ ಹದಿನಾಲ್ಕು ತಿಂಗಳು

ನಾನು ಹಿಡಿಯದ ದನಿ ನಮ್ಮ ಏರಿಯಾದಲ್ಲಿ ಇರಲಿಲ್ಲ. ಮೂಡಲಪಾಳ್ಯದ ಸರ್ಕಲ್ಲಿನಲ್ಲಿ ಹೂ ಮಾರುವ ಆಂಟಿ, ಚಿಲ್ಲರೆ ಕೇಳಿದರೆ ಕಿವುಡನಾಗುವ ಬಸ್ ಕಂಡಕ್ಟರ್, ಗಣೇಶನ ಪೆಂಡಾಲಿನಲ್ಲಿ ಮೈಕ್ ಸಿಕ್ಕ ಕೂಡಲೇ "ಆತ್ಮೀಯ ಬಂಧುಗಳೇ" ಎಂದು ಗಂಟಲು ಸರಿಮಾಡಿಕೊಳ್ಳುವ ಪುಡಿ ಲೀಡರು, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಇಷ್ಟಪಟ್ಟ ಹುಡುಗಿಯ ಎದುರು "ಅದೂ... ಏನಂದ್ರೆ... ಬಸ್ ಬಂತು" ಎಂದು ಓಡಿಹೋದ ನನ್ನದೇ ದನಿಯನ್ನು ಮದುವೆಮನೆಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮಿಮಿಕ್ರಿಯಿಂದ ಹೊಟ್ಟೆ ತುಂಬದ ಕಾರಣ ಹಗಲು ಆರ್‌ಪಿಸಿ ಲೇಔಟಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹೈಕೋರ್ಟಿನಲ್ಲಿ ನಮ್ಮ ತಾತನ ಕೇಸು ಹೋದದ್ದು ಈ ಬಾಯಿಂದ.

ಕೇಸು ಎಂಟು ಗುಂಟೆಯದ್ದು. ಮೂಡಲಪಾಳ್ಯದ ಹಿಂಭಾಗದಲ್ಲಿ, ನಾಲ್ಕೂ ಕಡೆ ಮೂರಂತಸ್ತಿನ ಮನೆಗಳೆದ್ದು ನಡುವೆ ಸಿಕ್ಕಿಹಾಕಿಕೊಂಡ ತುಂಡು. ಅದರಲ್ಲೊಂದು ಹೊಂಗೆಮರ, ಮರದ ಕೆಳಗೆ ಸಾಲಾಗಿ ಆರು ಸಮಾಧಿ. ತಾತನ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಅಣ್ಣ. ಕೊನೆಯದು ಚಿಕ್ಕದು: ನಮ್ಮಪ್ಪನಿಗಿಂತ ಮೊದಲು ಹುಟ್ಟಿ, ಹೆಸರಿಡುವ ಮುಂಚೆಯೇ ಹೋದ ಮಗುವಿನದು. ಸುತ್ತಲಿನ ಹೊಲವನ್ನೆಲ್ಲ ತಾತನ ಅಣ್ಣ ಬದುಕಿದ್ದಾಗಲೇ ಒಂದು ಗೃಹನಿರ್ಮಾಣ ಸಂಘಕ್ಕೆ ಬರೆದುಕೊಟ್ಟಿದ್ದ. ಸಮಾಧಿ ಬಿಟ್ಟು ಬರೆದದ್ದು ಎಂದು ತಾತ, ಸೇರಿಸಿ ಬರೆದದ್ದು ಎಂದು ಸಂಘ. ಕೆಳಗಿನ ಕೋರ್ಟಿನಲ್ಲಿ ಸಂಘ ಗೆದ್ದಿತು. ತಾತ ಹೈಕೋರ್ಟಿಗೆ ಅಪೀಲು ಹಾಕಿದ. ತೀರ್ಪು ಬರುವವರೆಗೆ ಜಾಗ ಇದ್ದ ಹಾಗೇ ಇರಬೇಕು, ಯಾರೂ ಗುದ್ದಲಿ ಹಾಕಕೂಡದು ಎಂದು ಆದೇಶವಾಯಿತು. ತಾತನಿಗೆ ಬೇಕಿದ್ದದ್ದು ಹೆಚ್ಚೇನಲ್ಲ. ಆ ಸಾಲಿನಲ್ಲಿ ಏಳನೆಯವನಾಗಿ ಮಲಗಬೇಕು, ತನ್ನ ಮಗ್ಗುಲಿಗೆ ನಮ್ಮಜ್ಜಿಗೂ ಜಾಗವಿರಬೇಕು.

ಕೇಸಿನ ದಿನ ತಾತ ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದ. ವಿಜಯನಗರದಲ್ಲಿ ಮೆಟ್ರೋ ಹತ್ತಿ ವಿಧಾನಸೌಧದಲ್ಲಿ ಇಳಿದರೆ ಎದುರಿಗೇ ಕೆಂಪು ಕಟ್ಟಡ. ಗೇಟಿನಲ್ಲಿ ಆಧಾರ್ ತೋರಿಸಿ ಪಾಸು ಮಾಡಿಸಿ, ಜೇಬು ತಡವಿಸಿಕೊಂಡು ಒಳಗೆ ಹೋದ ಮೇಲೆ ತಾತ ಕಂಬವೊಂದರ ಬುಡದಲ್ಲಿ ಚಪ್ಪಲಿ ಬಿಡುತ್ತಿದ್ದ. "ತಾತ, ಇದು ಕೋರ್ಟು, ಮಾದಪ್ಪನ ಬೆಟ್ಟ ಅಲ್ಲ" ಎಂದರೆ, "ಸುಮ್ಕಿರ್ಲಾ, ನಿಂಗೇನ್ ಗೊತ್ತು" ಎನ್ನುತ್ತಿದ್ದ. ಬರಿಗಾಲಲ್ಲಿ ನಿಂತು, ಆ ಕೆಂಪು ಗೋಡೆಗೆ ಅಂಗೈ ಒತ್ತಿ, ಹಸುವಿನ ಮೈ ಸವರುವ ಹಾಗೆ ಸವರುತ್ತಿದ್ದ. ಲಾಯರುಗಳು ಕಪ್ಪು ಗೌನು ಹಾರಿಸಿಕೊಂಡು ಪಕ್ಕದಲ್ಲೇ ಓಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಮನೆಗೆ ಬಂದ ಮೇಲೆ ಅದನ್ನೂ ಮಾಡಿ ತೋರಿಸುತ್ತಿದ್ದೆ.

ಆ ಕಟ್ಟಡದ ಚರಿತ್ರೆಯನ್ನು ನಾನು ಪುಸ್ತಕದಲ್ಲಿ ಓದಿದವನಲ್ಲ, ಉದ್ದನೆಯ ವರಾಂಡದ ಬೆಂಚಿನ ಮೇಲೆ ಕೂತು ತಾತನಿಂದ ಕೇಳಿದವನು. ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದದ್ದರಿಂದ ಅಠಾರ ಕಚೇರಿ. ತಾತ ಹುಡುಗನಾಗಿದ್ದಾಗ ಅವನಪ್ಪ ಜಮೀನಿನ ಅರ್ಜಿಯೊಂದನ್ನು ಹಿಡಿದು ಇದೇ ಮೆಟ್ಟಿಲು ಹತ್ತಿದ್ದನಂತೆ. ಕಾವಲಿನವನು ಗದರಿದ್ದಕ್ಕೆ ಚಪ್ಪಲಿ ಕೆಳಗೇ ಬಿಟ್ಟು ಹೋದನಂತೆ. ಆಮೇಲೆ ಎದುರಿಗೆ ವಿಧಾನಸೌಧ ಎದ್ದಿತು. ಕಚೇರಿಗಳೆಲ್ಲ ರಸ್ತೆ ದಾಟಿದವು, ಇಲ್ಲಿ ಹೈಕೋರ್ಟು ಉಳಿಯಿತು. ನಡುವೆ ಒಂದು ಸಲ ಈ ಕಟ್ಟಡವನ್ನೇ ಕೆಡವಬೇಕೆಂದು ಹೊರಟಿದ್ದರಂತೆ. ಜನ ಬಿಡಲಿಲ್ಲವಂತೆ, ಇದನ್ನು ಉಳಿಸಿ ಎಂದು ಇದೇ ಹೈಕೋರ್ಟಿನಲ್ಲಿ ಕೇಸು ಹಾಕಿದರಂತೆ.

"ತನ್ ಕೇಸ ತಾನೇ ಕೇಳುಸ್ಕೊಂಡು ನಿಂತಿರೋ ಕಟ್ಟಡ ಕಣ್ಲಾ ಇದು" ಎನ್ನುತ್ತಿದ್ದ ತಾತ. "ನಮ್ ಎಂಟು ಗುಂಟೆ ಏನ್ ಮಹಾ ಇದುಕ್ಕೆ."

ಆದರೆ ಕೇಸು ಕೂಗಿಸಿಕೊಳ್ಳುವುದೇ ಅಪರೂಪ. ಕೂಗಿದರೂ ಎರಡು ನಿಮಿಷಕ್ಕೆ ಮುಂದಕ್ಕೆ ಹೋಗುತ್ತಿತ್ತು. ತಾತನ ಉಬ್ಬಸ ಹೆಚ್ಚಾಗಿ ಮೆಟ್ರೋ ಮೆಟ್ಟಿಲು ಹತ್ತಲಾಗದೆ ಹೋದ ಮೇಲೆ ನಮ್ಮ ವಕೀಲರೇ ಫೋನಿನಲ್ಲಿ ವಿಷಯ ಹೇಳತೊಡಗಿದರು. ರಾಜಾಜಿನಗರದಲ್ಲಿ ಆಫೀಸಿಟ್ಟಿದ್ದ, ಅರವತ್ತು ದಾಟಿದ ಮನುಷ್ಯ. ಯಾವ ಹೆಜ್ಜೆಗೂ ತಾತನನ್ನೇ ಕೇಳುತ್ತಿದ್ದರು. "ಯಜಮಾನ್ರು ಏನಂತಾರೆ ಕೇಳಿ" ಎಂದು ಅಪ್ಪನಿಗೆ ಹೇಳಿ, ತಾತನ ಬಾಯಿಂದಲೇ ಕೇಳುವವರೆಗೆ ಫೋನಿಡುತ್ತಿರಲಿಲ್ಲ.

ತಾತ ಒಂದು ಬೆಳಿಗ್ಗೆ ಹೋದ. ಮೂರು ದಿನ ಆಸ್ಪತ್ರೆ, ಅಷ್ಟೇ. ಹೆಣ ಮನೆಯ ಹಾಲಿನಲ್ಲಿದ್ದಾಗಲೇ ಅಪ್ಪ ನನ್ನನ್ನೂ ಅಜ್ಜಿಯನ್ನೂ ಒಳಕೋಣೆಗೆ ಕರೆದ.

"ಲಾಯರ್‌ಗೆ ಹೇಳೋದ್ ಬೇಡ" ಎಂದ. "ಅಪೀಲು ಅಪ್ಪನ ಹೆಸ್ರಲ್ಲಿದೆ. ಹಾಕ್ದೋನೇ ಇಲ್ಲ ಅಂದ್ರೆ ಜಡ್ಜು ಯಾರ್ ಕೇಸ್ ಕೇಳ್ತಾರೆ? ಮುಚ್ಚಿ ಬಿಸಾಕ್ತಾರೆ. ಮಾರ್ನೇ ದಿನ ಜೆಸಿಬಿ ಬತ್ತದೆ."

ನಮ್ಮ ಬೀದಿಯಲ್ಲಿ ಬಾಡಿಗೆಮನೆ ಕೇಸು ನಡೆಸುತ್ತಿದ್ದ ಮುದುಕನೊಬ್ಬ ಸತ್ತ ಹದಿನೈದೇ ದಿನಕ್ಕೆ ಅವನ ಮಕ್ಕಳ ಪಾತ್ರೆ ಪಗಡ ಬೀದಿಗೆ ಬಿದ್ದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದ. ಅಪ್ಪನಿಗೆ ಗೊತ್ತಿದ್ದ ಕಾನೂನು ಅಷ್ಟು.

"ಹಂಗಾದ್ರೆ ಮಣ್ಣೆಲ್ಲಿ?" ಎಂದು ಕೇಳಿದಳು ಅಜ್ಜಿ.

"ಅಲ್ಲಿ ಗುಂಡಿ ತೋಡಿದ್ರೆ ಸಂಘದೋರು ಫೋಟೋ ತೆಗುದು ಕೋರ್ಟ್‌ಗೆ ಕೊಡ್ತಾರೆ. ಸದ್ಯಕ್ಕೆ ರುದ್ರಭೂಮೀಲಿ ಮಾಡಾಣ. ಗೆದ್ಮೇಲೆ ಅಲ್ಲಿಂದ ತಂದು ಸಾಲ್ನಲ್ಲಿ ಮಲಗಿಸ್ತೀನಿ. ನಿನ್ನಾಣೆ."

ಅಜ್ಜಿ ಸೆರಗಿನ ಅಂಚು ಮಡಚಿದಳು. "ಅವ್ರು ಅಷ್ಟ್ ವರ್ಷ ಓಡಾಡಿದ್ದು ಅದುಕ್ಕೇ ಅಲ್ವಾ. ಮಾಡ್ಕೊಳಿ" ಎಂದಳು.

ಆಗ ನಾವು ಗುಟ್ಟಾಗಿ ಮಣ್ಣು ಮಾಡಿ ಬಂದೆವು ಎಂದುಕೊಂಡಿದ್ದೆವು. ಸಂಜೆ ಸರ್ಕಲ್ಲಿಗೆ ಹೋದರೆ ನನ್ನ ಗೆಳೆಯರ ಬಳಗದವರು ಎಂಟಡಿಯ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ತಾತನ ಫೋಟೋ ನಡುವೆ, ಸುತ್ತ ಕೂಲಿಂಗ್ ಗ್ಲಾಸ್ ಹಾಕಿದ ಇವರ ಹನ್ನೆರಡು ಮುಖ.

"ಮಗಾ, ಹೆಂಗಿದೆ?" ಎಂದ ಒಬ್ಬ, ಕಣ್ಣು ಒರೆಸಿಕೊಳ್ಳುತ್ತ. "ಅರ್ಜೆಂಟಲ್ಲಿ ಮಾಡ್ಸಿದ್ದು ಗುರು."

ಅಪ್ಪ ಬಂದು ಕುಡುಗೋಲಿನಿಂದ ಹಗ್ಗ ಕೊಯ್ದು ಅದನ್ನು ಸುತ್ತಿಕೊಂಡು ಹೋದ. ಹುಡುಗರು ಈಗಲೂ ಅಪ್ಪನ ಜೊತೆ ಮಾತಾಡುವುದಿಲ್ಲ.

ತಿಥಿಯಾಗಿ ವಾರಕ್ಕೆ ತಾತನ ಬಟನ್ ಫೋನು ಹೊಡೆದುಕೊಂಡಿತು. ವಕೀಲರು. ಅಪ್ಪ ಅದನ್ನು ಬಿಸಿ ಪಾತ್ರೆಯಂತೆ ಹಿಡಿದುಕೊಂಡು ನನ್ನ ಮುಖ ನೋಡಿದ. ನನ್ನ ಕಡೆ ಚಾಚಿದ. ನಾನು ಎರಡು ಸಲ ಕೆಮ್ಮಿ, ಒಂದು ಉಸಿರು ಎಳೆದು, "ಊಂ... ಯೋಳಿ ಸಾಮಿ" ಎಂದೆ.

"ಯಜಮಾನ್ರೇ, ಆರೋಗ್ಯ ಹೆಂಗಿದೆ?"

"ಎಂಗೋ ಅವ್ನಿ ಸಾಮಿ. ಉಬ್ಸ ಒಂದು ಬುಡ್ತಿಲ್ಲ."

ಅಡುಗೆಮನೆಯಲ್ಲಿದ್ದ ಅಜ್ಜಿ ಒದ್ದೆಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತಳು. ನನ್ನನ್ನು ಕಂಡ ಮೇಲೆ ಅವಳ ಮುಖ ಹೇಗಾಯಿತು ಎಂಬುದನ್ನು ಮಾತ್ರ ನನಗೆ ಇವತ್ತಿಗೂ ಅನುಕರಿಸಲಾಗುವುದಿಲ್ಲ. ಆವತ್ತಿನಿಂದ ಆ ಫೋನು ಬಂದರೆ, "ಆಚೆ ಹೋಗಿ ಮಾತಾಡು" ಎನ್ನುತ್ತಿದ್ದಳು. ನಾನು ಮಹಡಿಗೆ ಹೋಗಿ ಮಾತಾಡುತ್ತಿದ್ದೆ. ಸುಳ್ಳು ಹೇಳಬಾರದು, ನನಗೆ ಮಜಾ ಬರುತ್ತಿತ್ತು. ಒಂದು ಸಲ ವಕೀಲರಿಗೇ ಶುಗರ್‌ಗೆ ಮೆಂತ್ಯ ನೆನೆಸಿಕೊಂಡು ಕುಡಿಯಲು ಹೇಳಿದೆ.

ಹದಿಮೂರನೇ ತಿಂಗಳಲ್ಲಿ ಬಂದ ಫೋನು ಬೇರೆ ತರಹದ್ದು.

"ಯಜಮಾನ್ರೇ, ಸಂಘದೋರು ಒಂದು ಮಾತು ಹೇಳಿ ಕಳಿಸಿದ್ದಾರೆ. ಸಮಾಧಿಗಳಿರೋ ಎರಡು ಗುಂಟೆ ನಿಮಗೆ ಬಿಟ್ಟು, ಉಳಿದ ಆರು ಗುಂಟೆ ಅವ್ರು ತಗೋತಾರಂತೆ. ರಾಜಿ. ನನಗೇನೋ ಒಪ್ಕೊಳೋದು ಒಳ್ಳೇದು ಅನ್ಸುತ್ತೆ. ಮನೇಲಿ ಮಾತಾಡಿ ಹೇಳ್ತೀರಾ?"

ಮನೆಯಲ್ಲಿ ಮಾತಾಡಬೇಕಿತ್ತು. ಅಪ್ಪ ಕೆಳಗೇ ಇದ್ದ, ಅಜ್ಜಿಯೂ ಇದ್ದಳು. ಹದಿನೆಂಟು ಮೆಟ್ಟಿಲೂ ಇರಲಿಲ್ಲ ಇಳಿಯುವುದಕ್ಕೆ. ಆದರೆ ಆ ಹೊತ್ತಿಗೆ ನಾನು ತಾತನ ಒಳಗೆ ಚೆನ್ನಾಗಿ ಕೂತುಬಿಟ್ಟಿದ್ದೆ. ತಾತನಾದರೆ ಏನನ್ನುತ್ತಿದ್ದ ಎಂಬುದು ನಾಲಗೆಗೆ ತಾನಾಗಿ ಬಂತು.

"ಒಂದ್ ಅಡೀನೂ ಬುಡಾಕಿಲ್ಲ ಸಾಮಿ. ನಾನ್ ಇರೋಗಂಟ ಆಗಾಕಿಲ್ಲ."

"ಆಯ್ತು ಬಿಡಿ. ನಿಮ್ಮಿಷ್ಟ" ಎಂದು ನಿಟ್ಟುಸಿರಿಟ್ಟರು. ನಾನು ಕೆಳಗೆ ಬಂದು ಅಪ್ಪನಿಗೆ, "ಸುಮ್ನೆ ಆರೋಗ್ಯ ಕೇಳಕ್ಕೆ ಮಾಡಿದ್ರು" ಎಂದೆ.

ಮುಂದಿನ ತಿಂಗಳು ಕೇಸು ಕೂಗಿತು. ಅಪ್ಪನೂ ನಾನೂ ಹಿಂದಿನ ಸಾಲಿನಲ್ಲಿ ನಿಂತಿದ್ದೆವು. ಎತ್ತರದ ಸೂರಿನಿಂದ ಉದ್ದುದ್ದ ಕಡ್ಡಿಯಲ್ಲಿ ಇಳಿಬಿಟ್ಟ ಫ್ಯಾನುಗಳು, ಅವುಗಳ ಕೆಳಗೆ ಇಂಗ್ಲಿಷ್. ನನಗೆ ಅರ್ಧ ತಿಳಿಯಿತು. ರಾಜಿಗೆ ನನ್ನ ಕಕ್ಷಿದಾರರು ಒಪ್ಪುವುದಿಲ್ಲ, ಅವರೇ ಖುದ್ದಾಗಿ ನನಗೆ ಫೋನಿನಲ್ಲಿ ಹೇಳಿದ್ದಾರೆ ಎಂದರು ನಮ್ಮ ವಕೀಲರು. ಸಂಘದ ವಕೀಲ ಒಂದು ಕಾಗದವನ್ನು ಮುಂದಕ್ಕೆ ಕೊಟ್ಟ. ಮರಣ ಪ್ರಮಾಣಪತ್ರ. ಅದರ ಹಿಂದೆ ಪಿನ್ ಹೊಡೆದ ಒಂದು ಫೋಟೋ: ಸರ್ಕಲ್ಲು, ಫ್ಲೆಕ್ಸು, ಹನ್ನೆರಡು ಕೂಲಿಂಗ್ ಗ್ಲಾಸು.

ನ್ಯಾಯಾಧೀಶರು ಅದನ್ನು ಓದಿ ಕನ್ನಡಕ್ಕೆ ತಿರುಗಿದರು. "ಇವರು ತೀರಿಕೊಂಡು ಹದಿನಾಲ್ಕು ತಿಂಗಳಾಗಿದೆ. ನಿಮ್ಮ ಜೊತೆ ಯಾರು ಮಾತಾಡಿದ್ದು?"

"ಮಹಾಸ್ವಾಮಿ, ಅವರ ದನಿ ನನಗೆ ಚೆನ್ನಾಗಿ ಗೊತ್ತು."

"ದನಿ ಯಾರದು ಅಂತ ನಾನು ಕೇಳಲಿಲ್ಲ. ಯಾರು ಮಾತಾಡಿದ್ದು ಅಂತ ಕೇಳಿದೆ."

ನಮ್ಮ ವಕೀಲರು ತಿರುಗಿ ನಮ್ಮ ಕಡೆ ನೋಡಿದರು. ನಲವತ್ತು ವರ್ಷ ಆ ಕಟ್ಟಡದಲ್ಲಿ ಓಡಾಡಿದ ಮನುಷ್ಯ, ಗೌನಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಇಡೀ ಏರಿಯಾ ನನ್ನನ್ನು ಸುಮ್ಮನಿರಿಸಲು ವರ್ಷಗಟ್ಟಲೆ ಹೆಣಗಿದೆ, ಆವತ್ತು ಮಾತ್ರ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತ್ತು.

ಹೊರಗೆ ವರಾಂಡದಲ್ಲಿ, "ನಾನೇ ಸಾರ್" ಎಂದೆ.

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಆ ದನಿಯನ್ನಾದರೂ ಹಿಡಿದುಕೊಂಡು ಹೋಗುತ್ತಿದ್ದೆ. "ಒಂದ್ಸಲ ಮಾತಾಡು" ಎಂದರು.

"ಬೇಡ ಸಾರ್."

"ಮಾತಾಡಯ್ಯ."

ಎರಡು ಸಲ ಕೆಮ್ಮಿದೆ. "ಯೋಳಿ ಸಾಮಿ" ಎಂದೆ. ಅವರು ಕಣ್ಣು ಮುಚ್ಚಿ ಕೇಳಿ, "ಹೌದು, ಇದೇ" ಎಂದು ತಲೆಯಾಡಿಸಿದರು. ಆಮೇಲೆ ಅಪ್ಪನಿಗೆ ಹೇಳಿದರು: "ಅವ್ರು ಹೋದ ತಕ್ಷಣ ನನಗೆ ಹೇಳಿದ್ರೆ, ನಿಮ್ಮ ಹೆಸ್ರು, ನಿಮ್ಮ ತಾಯಿ ಹೆಸ್ರು ಸೇರಿಸೋಕೆ ಒಂದು ಅರ್ಜಿ ಹಾಕ್ತಿದ್ದೆ. ವಾರಸುದಾರ್ರು ಅಂತ. ತೊಂಬತ್ತು ದಿನ ಟೈಮ್ ಇತ್ತು. ಕೇಸು ಹಂಗೇ ನಡೀತಿತ್ತು. ದಿನಾ ಅಂಥ ಹತ್ತು ಅರ್ಜಿ ಬರ್ತವೆ ಇಲ್ಲಿ. ಕೇಸು ಮನುಷ್ಯನ ಜೊತೆ ಸಾಯೋದಿಲ್ಲಪ್ಪ. ಯಾರೂ ಬರ್ದೇ ಇದ್ರೆ ಸಾಯುತ್ತೆ."

ಅಪ್ಪನಿಗೆ ಆ ರಾಜಿಯ ವಿಷಯ ತಿಳಿದದ್ದೂ ಆ ಕೋರ್ಟಿನಲ್ಲೇ. ವಿಜಯನಗರದಲ್ಲಿ ಮೆಟ್ರೋದಿಂದ ಇಳಿಯುವಾಗ, "ಎರಡು ಗುಂಟೆ ಸಾಕಾಗ್ತಿತ್ತಲ್ಲೋ" ಎಂದ. ಆ ರಾಜಿ ನಿಜದ್ದೋ, ನಮ್ಮನ್ನು ಸಿಕ್ಕಿಸಲು ಒಡ್ಡಿದ್ದೋ, ನನಗೆ ಇನ್ನೂ ಗೊತ್ತಿಲ್ಲ. ನಿಜದ್ದಾಗಿರದಿರಲಿ ಎಂದು ಬೇಡಿಕೊಳ್ಳುವ ಮಟ್ಟಕ್ಕೆ ಇಳಿದಿದ್ದೇನೆ.

ತೊಂಬತ್ತು ದಿನ ದಾಟಿದ್ದಕ್ಕೆ ಅಪೀಲು ಬಿದ್ದುಹೋಗಿತ್ತು. ತಡವಾದದ್ದನ್ನು ಮನ್ನಿಸಿ, ನಮ್ಮ ಹೆಸರು ಸೇರಿಸಿ ಎಂದು ಹೊಸ ವಕೀಲರೊಬ್ಬರಿಂದ ಅರ್ಜಿ ಹಾಕಿಸಿದೆವು. ತಿಳಿಯದೆ ತಡವಾದರೆ ಬೇರೆ ಮಾತು, ಬೇಕೆಂದು ಮುಚ್ಚಿಟ್ಟವರಿಗೆ ಮನ್ನಣೆಯಿಲ್ಲ ಎಂದು ವಜಾ ಆಯಿತು. ಹಳೆಯ ವಕೀಲರು ಆ ವರ್ಷವೇ ಆಫೀಸು ಮುಚ್ಚಿದರು. ವಯಸ್ಸಾಗಿತ್ತು, ಶುಗರೂ ಇತ್ತು, ಎಂದು ನಾನು ಹೇಳಿಕೊಳ್ಳುತ್ತೇನೆ.

ಸಂಘದವರು ಸಮಾಧಿ ತೆಗೆದುಕೊಂಡು ಹೋಗಲು ಒಂದು ವಾರ ಕೊಟ್ಟರು. ಐದರಲ್ಲಿ ಏನೋ ಸಿಕ್ಕಿತು. ಆರನೆಯದರಲ್ಲಿ ಮಣ್ಣು ಬಿಟ್ಟು ಏನೂ ಇರಲಿಲ್ಲ. ಅಗೆಯುವವನು ಸನಿಕೆ ನಿಲ್ಲಿಸಿ, "ಸಣ್ಣ ಕೂಸು, ಉಳಿಯಂಗಿಲ್ರಿ ಅಮ್ಮಾ" ಎಂದ. ಅಜ್ಜಿ ಆ ಮಣ್ಣನ್ನೇ ಬೊಗಸೆಯಲ್ಲಿ ತೆಗೆದು ಒಂದು ಹೊಸ ಟವೆಲಿಗೆ ಹಾಕಿ ಗಂಟು ಕಟ್ಟಿದಳು.

ರುದ್ರಭೂಮಿಯಲ್ಲಿ ತಾತನ ಅಕ್ಕಪಕ್ಕ ಎಂದೋ ತುಂಬಿಹೋಗಿತ್ತು. ಕಾಂಪೌಂಡಿನ ಆಚೆ ಮೂಲೆಯಲ್ಲಿ ಒಂದೇ ಗುಂಡಿ ತೋಡಿಸಿ ಎಲ್ಲರನ್ನೂ ಒಟ್ಟಿಗೆ ಇಟ್ಟೆವು. ಟವೆಲಿನ ಗಂಟನ್ನು ಅಜ್ಜಿ ತಾನೇ ಬಗ್ಗಿ ಇಳಿಸಿದಳು. ಮಣ್ಣು ಮುಚ್ಚಿದ ಮೇಲೆ ಅಲ್ಲಿ ನೋಡಿಕೊಳ್ಳುವವನನ್ನು ಕರೆದು, "ನಂಗೆ ಇದರ ಪಕ್ಕ ಒಂದು ಜಾಗ ಇಟ್ಟಿರ್ತೀಯೇನಪ್ಪಾ?" ಎಂದು ಕೇಳಿದಳು.

"ಮುಂಚೇನೇ ಹಿಡಿಯೋಕೆ ಬರಲ್ಲ ಅಜ್ಜಿ" ಎಂದ ಅವನು ಮೆತ್ತಗೆ. "ಬಂದಾಗ ನೋಡಾಣ."

ಅಜ್ಜಿ ಆಗಲಿ ಎನ್ನುವ ಹಾಗೆ ತಲೆಯಾಡಿಸಿದಳು. ನನ್ನ ಕಡೆ ತಿರುಗಿದಳು. "ನಿಮ್ ತಾತನ್ ಹತ್ರುಕ್ಕೆ ಎಷ್ಟ್ ಹೆಜ್ಜೆ ಆಯ್ತದೆ, ನೋಡ್ಕೊಂಡ್ ಬಾ."

ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಎಣಿಸುತ್ತ ಹೋದೆ, ಎಣಿಸುತ್ತ ವಾಪಸು ಬಂದೆ. ನೂರ ಹತ್ತು ಎಂದೆ.

"ದೂರ ಆಯ್ತು" ಎಂದಳು.